ಒಗರು ಶುರುವಾಗುವ ಮುಂಚೆ

ಹೋಟೆಲಿಗೆ ಹೋದರೆ ಅಂಕಲ್ ಪಕ್ಕ ಕೂರಲು ಅವರ ಹೆಂಡತಿಯೇ ಹೆದರುತ್ತಿದ್ದರು. ಸೂಪು ಬಂದರೆ ಸಾಕು, ಚಮಚ ತುಟಿಗೆ ತಾಗಿಸಿ ‘ಸೊರ್ರ್’ ಎಂದು ಗಾಳಿಯ ಸಮೇತ ಒಳಗೆಳೆದುಕೊಂಡು, ಕತ್ತನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಕೊನೆಗೆ ನಾಲಿಗೆಯಿಂದ ಒಂದು ಲೊಟ್ಟೆ ಹೊಡೆಯುತ್ತಿದ್ದರು. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡುತ್ತಿದ್ದರು. ಆಂಟಿ ಮೆನು ಕಾರ್ಡಿನ ಹಿಂದೆ ಮುಖ ಮರೆಸಿಕೊಂಡು, “ಇವರ್ಯಾರೋ ನಂಗೊತ್ತಿಲ್ಲಮ್ಮ, ನಿನ್ನ ಕಡೆಯೋರಾ?” ಎಂದು ನನ್ನನ್ನೇ ಕೇಳುತ್ತಿದ್ದರು.

ಅದು ಕೆಟ್ಟ ಚಾಳಿಯಲ್ಲ, ಅವರ ಕಸುಬು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕಾಫಿಯ ರುಚಿ ನೋಡುವ ಕೆಲಸ ಮಾಡಿದವರು. ಸಾಲಾಗಿ ಇಟ್ಟ ಬಟ್ಟಲುಗಳಿಂದ ಒಂದೊಂದು ಚಮಚ ಎಳೆದು, ಉಗಿದು, ಇದು ಒಣಗಿಸುವಾಗ ನೆನೆದ ಬೀಜ, ಇದು ಹುದುಗು ಬಂದದ್ದು ಎಂದು ಹೇಳಿಬಿಡುತ್ತಿದ್ದರಂತೆ. ಆಂಟಿ ಡಾಕ್ಟರು. ಅವರಿಗೆ ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ಕಾಗ ಅಂಕಲ್ ಜೊತೆಗೆ ಬಂದರು. ಮೊದಲು ಪರ್ತಿನ ಥಾರ್ನ್ಲಿಯಲ್ಲಿ ಎರಡು ವರ್ಷ, ಆಮೇಲೆ ಅಡಿಲೇಡ್. ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯಲ್ಲಿ ಆಂಟಿ, ಹೈವೇ ಪಕ್ಕದ ಪೆಟ್ರೋಲ್ ಬಂಕಿನ ಕೌಂಟರಿನಲ್ಲಿ ಅಂಕಲ್. “ಇಲ್ಲಿ ನನ್ನ ನಾಲಿಗೆಗೆ ಗಿರಾಕಿ ಇಲ್ಲ ಕಣಮ್ಮ, ಕೈಗೆ ಮಾತ್ರ ಇದ್ದಾರೆ,” ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಅದನ್ನು ಬಹಳ ಸಲ ಹೇಳುತ್ತಿದ್ದರು.

ನಾನು ಅವರ ಮನೆಯ ಹಿಂಭಾಗದ ಕೋಣೆಯಲ್ಲಿ ಬಾಡಿಗೆಗಿದ್ದೆ. ಮೈಸೂರಿನಿಂದ ಬಂದು ಆರು ತಿಂಗಳಾಗಿದ್ದ ಎಂಜಿನಿಯರು. ಒಲೆ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ನೋಡಿ ಬಾಗಿಲು ಹಾಕುವ ಪುಕ್ಕಲಿ. ನನ್ನ ಇನ್ನೊಂದು ಗುಣವನ್ನೂ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಎಲ್ಲ ಅನಾಹುತವೂ ಅದರಿಂದಲೇ ಆಯಿತು. ಯಾರು ಏನು ಕೇಳಿದರೂ ನಾನು ಮೊದಲು ಅವರ ಮುಖ ನೋಡುತ್ತೇನೆ. ಅಲ್ಲಿ ಯಾವ ಉತ್ತರ ಬೇಕಾಗಿದೆಯೋ ಅದನ್ನು ಓದಿಕೊಂಡು ಅದನ್ನೇ ಹೇಳುತ್ತೇನೆ. ಶಾಲೆಯಲ್ಲಿ ಮೌಖಿಕ ಪರೀಕ್ಷೆಗಳನ್ನೆಲ್ಲ ಹೀಗೆಯೇ ಪಾಸು ಮಾಡಿದವಳು.

ಅಂಕಲ್ ಬಿಯರ್ ಮಾಡುತ್ತಾರೆಂದು ಗೊತ್ತಾದಾಗ ನನಗೆ ಮೊದಲು ಬಂದದ್ದು ಅಪ್ಪನ ನೆನಪು. ಮಗಳು ಹೆಂಡ ಕಾಯಿಸುವ ಮನೆಯಲ್ಲಿದ್ದಾಳೆ ಎಂದು ಮೈಸೂರಿಗೆ ತಿಳಿದರೆ ಗತಿಯೇನು? ನನ್ನ ಕಳವಳ ನೋಡಿ ಅಂಕಲ್ ಸಮಾಧಾನ ಹೇಳಿದರು. “ನೀನು ರುಚಿ ನೋಡೋದು ಬರೀ ಕಾಳಿನ ಕಷಾಯ. ಈಸ್ಟ್ ಹಾಕೋ ತನಕ ಅದು ಗಂಜಿಗಿಂತ ಸಾಧು.” ಆಮೇಲೆ, “ಕುಡಿಯೋರ ನಾಲಿಗೆ ನಂಗೆ ಬೇಡ. ನಿನ್ನಂಥೋರದ್ದೇ ಬೇಕು,” ಎಂದರು. ಹಾಗೆ ನಾನು ಅವರ ಸಹಾಯಕಿಯಾದೆ.

ಎಲ್ಲರೂ ಅಂಗಡಿಯಿಂದ ಮಾಲ್ಟ್ ಪಾಕದ ಡಬ್ಬ ತಂದು ನೀರು ಬೆರೆಸಿ ಬಿಯರ್ ಮಾಡುತ್ತಿದ್ದ ಕಾಲ. ಅಂಕಲ್ಲಿಗೆ ಅದು ಇನ್‌ಸ್ಟಂಟ್ ಕಾಫಿಯಷ್ಟೇ ಅಸಹ್ಯ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನೇ ತಂದು, ನುಚ್ಚಿನಂತೆ ಒಡೆದು, ಬಿಸಿನೀರಿನಲ್ಲಿ ನೆನೆಹಾಕಿ ಸಿಹಿ ಇಳಿಸಬೇಕು. ಅದಕ್ಕೆ ಬೇಕಾದ ಪಾತ್ರೆ ಪಗಡಗಳು ಅವರ ಬಳಿ ಒಂದೂ ಇರಲಿಲ್ಲ. ಪಿಕ್ನಿಕ್ಕಿಗೆ ಒಯ್ಯುವ, ತಂಪು ಕಾಯುವ ಎಸ್ಕಿ ಪೆಟ್ಟಿಗೆಗೆ ನಲ್ಲಿ ಕೂರಿಸಿದ್ದರು. ಅದರ ತಳಕ್ಕೆ ಇಡ್ಲಿ ಪಾತ್ರೆಯ ತೂತಿನ ತಟ್ಟೆ, ಮೇಲೆ ಹಳೆಯ ಪಂಚೆಯ ತುಂಡು. ನೀರು ಕಾಯುತ್ತಿದ್ದದ್ದು ಹಿತ್ತಲಿನ ಬಾರ್ಬೆಕ್ಯೂ ಒಲೆಯ ಪಕ್ಕದ ಬರ್ನರಿನ ಮೇಲೆ. ಸಕ್ಕರೆ ಎಷ್ಟಿದೆ ಎಂದು ತೋರಿಸುವ ಗಾಜಿನ ಹೈಡ್ರೋಮೀಟರ್ ಒಂದಿತ್ತು, ಅದು ನಾನು ಬರುವ ಮುಂಚೆಯೇ ಒಡೆದಿತ್ತು. “ಇನ್ನೊಂದು ತರಬಹುದಲ್ಲ ಅಂಕಲ್?” ಎಂದರೆ ನಾಲಿಗೆ ಹೊರಚಾಚಿ ಬೆರಳಿನಿಂದ ತೋರಿಸುತ್ತಿದ್ದರು.

ಒಂದು ಗಂಟೆ ನೆನೆದ ಮೇಲೆ ನಲ್ಲಿ ತಿರುಗಿಸಿದರೆ ದಟ್ಟ ಕಂದು ರಸ ಇಳಿಯುತ್ತಿತ್ತು. ಆದರೆ ಕಾಳಿನಲ್ಲಿ ಇನ್ನೂ ಸಿಹಿ ಉಳಿದಿರುತ್ತದೆ. ಅದನ್ನು ಬಿಡಿಸಲು ಮೇಲಿನಿಂದ ಬಿಸಿನೀರು ಹನಿಸಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಸ್ಪಾರ್ಜ್ ಎನ್ನುತ್ತಾರೆ, ಅಂಕಲ್ ‘ಎರಡನೇ ಡಿಕಾಕ್ಷನ್’ ಎನ್ನುತ್ತಿದ್ದರು. ಒಮ್ಮೆಲೇ ಸುರಿದರೆ ಕಾಳು ಗುಂಡಿ ಬಿದ್ದು ನೀರು ಒಂದೇ ದಾರಿ ಹಿಡಿಯುತ್ತದೆ. ಅದಕ್ಕೆ ಬೂಂದಿ ಕರಿಯುವ ತೂತಿನ ಸೌಟು ನನ್ನ ಕೈಯಲ್ಲಿ. ಅವರು ಚೊಂಬಿನಿಂದ ನೀರು ಹಾಕುವುದು, ನಾನು ಸೌಟನ್ನು ಪೆಟ್ಟಿಗೆಯ ಉದ್ದಗಲಕ್ಕೆ ಆಡಿಸುವುದು. ಮದುವೆ ಮನೆಯ ಅಡುಗೆಭಟ್ಟರು ನೋಡಿದ್ದರೆ ಬೂಂದಿ ಎಲ್ಲಿ ಎಂದು ಕೇಳುತ್ತಿದ್ದರು.

ಎಲ್ಲಿ ನಿಲ್ಲಿಸಬೇಕು ಎಂಬುದೇ ಇದರಲ್ಲಿರುವ ವಿದ್ಯೆ. ಬೇಗ ನಿಲ್ಲಿಸಿದರೆ ಸಿಹಿ ಹಾಳು. ದುರಾಸೆಗೆ ಬಿದ್ದು ಮುಂದುವರಿಸಿದರೆ ಕಾಳಿನ ಸಿಪ್ಪೆಯಿಂದ ಒಗರು ಇಳಿಯುತ್ತದೆ, ಒಮ್ಮೆ ಇಳಿದರೆ ಅದನ್ನು ತೆಗೆಯಲು ಬ್ರಹ್ಮನಿಂದಲೂ ಆಗದು. ಅಂಕಲ್ ಐದು ನಿಮಿಷಕ್ಕೊಮ್ಮೆ ನಲ್ಲಿಯ ಕೆಳಗೆ ಲೋಟ ಹಿಡಿದು, ಸೊರ್ರ್ ಎಂದು ಎಳೆದು, ಲೊಟ್ಟೆ ಹೊಡೆದು, “ಹೂಂ, ಆಡ್ಸು” ಎನ್ನುತ್ತಿದ್ದರು. ಒಂದು ಸಲ ಮಾತ್ರ ಲೊಟ್ಟೆ ಬರುತ್ತಿರಲಿಲ್ಲ, ಕೈ ಮೇಲೇಳುತ್ತಿತ್ತು. “ನಿಲ್ಸು.” ಆಮೇಲೆ ಒಂದು ಹನಿ ನೀರಿಲ್ಲ. “ಇಂಗ್ಲಿಷಿನೋರಿಗೆ ಇದಕ್ಕೆ ಬಾಯಿಮಾತೇ ಇಲ್ಲ ನೋಡು. ಆಸ್ಟ್ರಿಂಜೆಂಟ್ ಅಂತಾರೆ, ನಿಮ್ಮ ಆಂಟಿ ಮುಲಾಮಿನ ಹೆಸರಿದ್ದ ಹಾಗೆ. ಒಗರು ಅಂದ್ರೆ ಮಗೂಗೂ ಗೊತ್ತಾಗುತ್ತೆ. ಬಾಳೆಕಾಯಿ ಹೆಚ್ಚಿ ಬೆರಳು ಬಾಯಿಗಿಟ್ಟರೆ ಏನಾಗುತ್ತೋ ಅದು.”

ಅವರ ನಾಲಿಗೆಗೆ ಕೊನೆಗೂ ಒಬ್ಬ ಗಿರಾಕಿ ಸಿಕ್ಕಿದ್ದು ಪೆಟ್ರೋಲ್ ಬಂಕಿನಲ್ಲೇ. ಊರಿನ ದಕ್ಷಿಣಕ್ಕೆ ಒಂದು ಶೆಡ್ಡಿನಲ್ಲಿ ಸಣ್ಣ ಬ್ರೂವರಿ ನಡೆಸುತ್ತಿದ್ದ ದಾಡಿಯವನೊಬ್ಬ ಪೆಟ್ರೋಲ್ ಹಾಕಿಸಲು ಬಂದಿದ್ದ. ಅವನ ಗಾಡಿಯಲ್ಲಿ ಮಾಲ್ಟ್ ಮೂಟೆಗಳಿದ್ದವು. ಅಂಕಲ್ ಹೊರಗೆ ಬಂದು, ಒಂದು ಮೂಟೆಯ ಬಾಯಿಂದ ಚಿಟಿಕೆ ಕಾಳು ಕೇಳಿ ಪಡೆದು, ಅಗಿದು, ಲೊಟ್ಟೆ ಹೊಡೆದು, ಇದು ಎಲ್ಲೋ ತೇವ ಕುಡಿದಿದೆ ಎಂದರಂತೆ. ದಾಡಿಯವನು ನಕ್ಕು ಹೊರಟುಹೋದ. ಮೂರನೇ ದಿನ ಹುಡುಕಿಕೊಂಡು ಬಂದ. ಮೂಟೆಯ ತಳದಲ್ಲಿ ಬೂಷ್ಟು ಇತ್ತಂತೆ.

ಅವನಿಗೆ ಪ್ರತಿಯೊಂದು ಬಿಯರಿನ ರುಚಿ ನೋಡಿ ಹೇಳುವ ಒಬ್ಬರು ಬೇಕಾಗಿದ್ದರು. ನೀನೇ ಮಾಡಿದ್ದು ಒಂದಾರು ಬಾಟಲಿ ತಾ, ಕೂತು ರುಚಿ ನೋಡುತ್ತಾ ಮಾತಾಡೋಣ, ಸರಿಹೋದರೆ ಕೆಲಸ ನಿನ್ನದು ಎಂದ. ಎರಡು ತಿಂಗಳ ಗಡುವು. ಅಂಕಲ್ ಅವತ್ತು ಮನೆಗೆ ಬಂದವರೇ ಬಂಕಿನ ಯೂನಿಫಾರ್ಮ್ ಬಿಚ್ಚದೆ ಹಿತ್ತಲಲ್ಲಿ ಓಡಾಡಿದರು. “ಆರು ವರ್ಷ ಆಯ್ತು ಕಣಮ್ಮ. ಆರು ವರ್ಷದಿಂದ ಯಾರೂ ನನ್ನನ್ನ ಇದರ ರುಚಿ ನೋಡಿ ಅಂತ ಕೇಳಿರಲಿಲ್ಲ.” ಅವರ ಕಣ್ಣಲ್ಲಿ ನೀರಿತ್ತು. ನನಗೆ ಖುಷಿಯಾಗುವ ಬದಲು ಭಯವಾಯಿತು. ಇಷ್ಟು ಆಸೆ ಇಟ್ಟುಕೊಂಡದ್ದು ಕೈತಪ್ಪಿದರೆ ಈ ಮನುಷ್ಯ ಏನಾಗುತ್ತಾನೆ ಎಂದೇ ನನ್ನ ತಲೆ ಓಡಿದ್ದು.

ಆ ಬಿಯರನ್ನು ನಾವು ಮಾಡಿದ್ದು ಜುಲೈ ತಿಂಗಳ ಒಂದು ಶನಿವಾರ. ಮೊದಲ ರಸ ಇಳಿಯಿತು, ಎರಡನೇ ಡಿಕಾಕ್ಷನ್ ಶುರುವಾಯಿತು. ಸ್ವಲ್ಪ ಹೊತ್ತಿನ ಮೇಲೆ ಅಂಕಲ್ ಲೋಟವನ್ನು ತಾವು ಕುಡಿಯದೆ ನನಗೆ ಕೊಟ್ಟರು.

“ನೀನು ನೋಡು ಇವತ್ತು.”

“ನಾನಾ?”

“ಇಷ್ಟು ದಿನ ಕಲಿಸಿದ್ದೀನಲ್ಲ. ಎಲ್ಲಿ ನಿಲ್ಲಿಸ್ಬೇಕು ನೀನೇ ಹೇಳು.”

ಪರೀಕ್ಷೆ! ಮೊದಲೆರಡು ಲೋಟ ಸಿಹಿಯಾಗಿಯೇ ಇತ್ತು. ಮೂರನೆಯದು ತೆಳ್ಳಗಿತ್ತು, ನಾಲಿಗೆಯ ಅಂಚಿಗೆ ಏನೋ ಸಣ್ಣಗೆ ಹಿಡಿದಂತಾಯಿತು. ಇದೇ ಇರಬಹುದೇ? ಅಂಕಲ್ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು, ಹುಬ್ಬು ಸ್ವಲ್ಪ ಮೇಲೆ, ಮುಖದಲ್ಲಿ ಗಾಬರಿಯೇನಿಲ್ಲ. ನಿಲ್ಲಿಸಬೇಕಾಗಿದ್ದರೆ ಇಷ್ಟು ನಿರಾಳವಾಗಿ ಇರುತ್ತಿದ್ದರೆ? ನಾನು ಆತುರಪಡುತ್ತೇನೋ ಎಂದು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡೆ.

“ಇನ್ನೂ ಸಿಹಿ ಇದೆ ಅಂಕಲ್.”

“ಖಂಡಿತ?”

“ಹೂಂ.”

ಅವರು ನೀರು ಹಾಕಿದರು. ನಾಲ್ಕನೆಯ ಲೋಟ, ಐದನೆಯದು. ರಸ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ಬಂದಿತ್ತು. ಪ್ರತಿ ಸಲ ಅವರ ಮುಖ ನೋಡಿದೆ, ಪ್ರತಿ ಸಲ ಅದೇ ನಿರಾಳ. ಆರನೆಯ ಲೋಟಕ್ಕೆ ಧೈರ್ಯ ಸಾಲದೆ “ಸಾಕೇನೋ” ಎಂದೆ. ನಲ್ಲಿ ನಿಲ್ಲಿಸಿದರು. ಕುದಿಸಿದೆವು, ಕಹಿ ಕೊಡುವ ಹಾಪ್ಸ್ ಹೂ ಹಾಕಿದೆವು, ತಣಿಸಿ ಈಸ್ಟ್ ಹಾಕಿ ಮುಚ್ಚಿದೆವು. ಎರಡು ವಾರಕ್ಕೆ ಬಾಟಲಿಗೆ ಇಳಿಯಿತು. ಅಂಕಲ್ ಬಾಟಲಿಗಳನ್ನು ಬಟ್ಟೆ ಒಗೆಯುವ ಕೋಣೆ ಲಾಂಡ್ರಿಯಲ್ಲಿ ಸಾಲಾಗಿ ಜೋಡಿಸಿ ದಿನಾ ಸಂಜೆ ಒಂದು ಸಲ ನೋಡಿ ಬರುತ್ತಿದ್ದರು. ಒಂದನ್ನೂ ತೆರೆಯಲಿಲ್ಲ. ಆ ದಿನದವರೆಗೂ ಮುಟ್ಟಬಾರದೆಂಬ ವ್ರತ ಇರಬೇಕೆಂದುಕೊಂಡೆ.

ಬ್ರೂವರಿಗೆ ಹೋಗುವ ದಿನಕ್ಕೆ ನಾಲ್ಕು ದಿನವಿದ್ದಾಗ, ಅಂಕಲ್ ಡ್ಯೂಟಿಗೆ ಹೋಗಿದ್ದ ಹೊತ್ತಿನಲ್ಲಿ, ಆಂಟಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿ, “ಒಂದು ವಿಷಯ ಹೇಳ್ತೀನಿ, ನಿನ್ನಲ್ಲೇ ಇಟ್ಕೊ,” ಎಂದರು. “ಇವರಿಗೆ ಒಂದೂವರೆ ತಿಂಗಳಿಂದ ರುಚಿ ಗೊತ್ತಾಗ್ತಿಲ್ಲ.”

ನನಗೆ ಅರ್ಥವಾಗಲಿಲ್ಲ.

“ಕಾಲ್ಬೆರಳಿನ ಉಗುರು ಹಳದಿ ಆಗಿತ್ತಲ್ಲ, ಫಂಗಸ್ಸು. ಸಣ್ಣ ವಿಷಯ. ಒಂದು ಮಾತ್ರೆ ಇದೆ ತಗೊಳ್ಳಿ ಅಂತ ನಾನೇ ಬೆನ್ನುಹತ್ತಿ ಕೊಡಿಸ್ದೆ. ನೂರಕ್ಕೊಬ್ಬರಿಗೋ ಇಬ್ಬರಿಗೋ ಅದು ನಾಲಿಗೆಗೆ ಹೊಡೆಯುತ್ತೆ. ಅಂಥೋರಿಗೆ ಉಪ್ಪು, ಸಿಹಿ ಯಾವುದೂ ಇಲ್ಲ, ನೀರು ಕುಡಿದರೂ ಬಾಯೆಲ್ಲ ಒಗರು. ಇವರು ನಂಗೆ ಹೇಳಿಲ್ಲ. ನಂಗೇ ಅನುಮಾನ ಬಂದು ಉಪ್ಪು ಹಾಕದೆ ಸಾರು ಮಾಡಿ ಬಡಿಸ್ದೆ. ‘ಉಪ್ಪು ಹದವಾಗಿದೆ’ ಅಂದ್ರು.” ಆಂಟಿ ಒಂದು ದಂಟು ಮುರಿದು ಪಕ್ಕಕ್ಕಿಟ್ಟರು. “ಮಾತ್ರೆ ಬೇಡ, ಉಗುರು ಸರಿಹೋಯ್ತು ಅಂತ ನೆಪ ಹೇಳಿ ನಿಲ್ಲಿಸ್ಬಿಟ್ಟೆ. ಕೆಲವರಿಗೆ ವಾಪಸ್ ಬರುತ್ತೆ, ಕೆಲವರಿಗೆ ಬರೋದೇ ಇಲ್ಲ. ನಂಗೆ ಗೊತ್ತು ಅಂತ ಅವರಿಗೆ ಗೊತ್ತಾಗೋದು ಬೇಡ. ಬಿಯರ್ ನೀನೇ ರುಚಿ ನೋಡಿದ್ಯಂತಲ್ಲ, ಅದೊಂದು ಪುಣ್ಯ. ನಿನ್ನ ಮೇಲೇ ಭಾರ ಹಾಕಿದ್ದಾರೆ.”

ಅದು ಪರೀಕ್ಷೆಯಾಗಿರಲಿಲ್ಲ. ಎಲ್ಲವೂ ಒಗರಾಗಿದ್ದ ಬಾಯಿಯಿಂದ ಯಾವುದು ನಿಜವಾದ ಒಗರು ಎಂದು ಹೇಳಲಾಗದೆ ಆ ಮನುಷ್ಯ ನನ್ನ ನಾಲಿಗೆಯನ್ನು ಕಡ ಕೇಳಿದ್ದರು. ನಾನು ಅವರ ಮುಖ ನೋಡಿ ಉತ್ತರ ಕೊಟ್ಟಿದ್ದೆ.

ಆಂಟಿ ಆಸ್ಪತ್ರೆಗೆ ಹೊರಟ ಮೇಲೆ ಲಾಂಡ್ರಿಗೆ ಹೋಗಿ, ಜನ್ಮದಲ್ಲಿ ಮೊದಲ ಬಾರಿಗೆ ಒಂದು ಬಿಯರ್ ಬಾಟಲಿ ತೆರೆದೆ. ಅಪ್ಪ ನೆನಪಾಗಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಕಹಿ ಇತ್ತು, ಅದು ಇರಬೇಕಾದದ್ದೇ. ನುಂಗಿದ ಮೇಲೆ ಒಸಡು, ಕೆನ್ನೆಯ ಒಳಭಾಗ, ನಾಲಿಗೆ ಎಲ್ಲವೂ ಹಿಡಿದುಕೊಂಡವು. ಬಾಳೆಕಾಯಿ ಹೆಚ್ಚಿದ ಬೆರಳು. ಅಂಕಲ್ ಕಲಿಸಿದ್ದು ತಪ್ಪಿರಲಿಲ್ಲ.

ಆ ನಾಲ್ಕು ದಿನ ನಾನು ಏನು ತಿಂದೆ, ಆಫೀಸಿನಲ್ಲಿ ಏನು ಕೆಲಸ ಮಾಡಿದೆ ಒಂದೂ ನೆನಪಿಲ್ಲ. ಹೇಳಿದರೆ ಅವರ ಆಸೆ ನನ್ನ ಕೈಯಿಂದಲೇ ಹೋಗುತ್ತದೆ, ಮೇಲಾಗಿ ಆಂಟಿ ಹೇಳಿದ ಗುಟ್ಟೂ ಬಯಲಾಗುತ್ತದೆ. ಹೇಳದಿದ್ದರೆ ಅವರು ಆ ಬಾಟಲಿಗಳನ್ನು ದಾಡಿಯವನ ಮುಂದಿಟ್ಟು, ಅವನು ಮುಖ ಹಿಂಡುವುದನ್ನು ನೋಡಿ, ಏಕೆಂದು ತಿಳಿಯದೆ ಕೂರುತ್ತಾರೆ. ಇಪ್ಪತ್ತು ವರ್ಷದ ಕಸುಬುದಾರ! ಪ್ರತಿ ಸಂಜೆ ಇವತ್ತು ಹೇಳುತ್ತೇನೆಂದು ನಡುಮನೆಗೆ ಹೋಗುತ್ತಿದ್ದೆ. ಅವರು ತಲೆಯೆತ್ತಿ ನಗುತ್ತಿದ್ದರು, ನಾನು ಹವಾಮಾನದ ಬಗ್ಗೆ ಮಾತಾಡಿ ವಾಪಸ್ ಬರುತ್ತಿದ್ದೆ.

ಶನಿವಾರ ಬಂತು. ಅವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು, ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವಾಗ ಹಾಕುತ್ತಿದ್ದಂಥದ್ದು. ನಾನೇ ಕಾರು ಓಡಿಸಿದೆ. ಅರ್ಧ ಗಂಟೆ ದಾರಿಯಲ್ಲಿ ಬಾಯಿ ಬರಲಿಲ್ಲ. ಶೆಡ್ಡಿನ ಮುಂದೆ ಕಾರು ನಿಲ್ಲಿಸಿದಾಗ ಅವರು ಬಾಟಲಿಗಳ ಪೆಟ್ಟಿಗೆಗೆ ಕೈ ಹಾಕಿದರು. ನಾನು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿನ ಗೋಡೆ ನೋಡುತ್ತಾ ಹೇಳಿದೆ.

“ಅಂಕಲ್, ಅದನ್ನ ಕೊಡ್ಬೇಡಿ. ಒಗರಾಗಿದೆ.”

ಅವರ ಕೈ ಪೆಟ್ಟಿಗೆಯ ಮೇಲೇ ನಿಂತಿತು.

“ಎಷ್ಟು?”

“ತುಂಬಾ.”

“ಅವತ್ತೇ ಗೊತ್ತಾಗಿತ್ತಾ?”

“ಮೂರನೇ ಲೋಟಕ್ಕೇ ಅನಿಸ್ತು ಅಂಕಲ್. ನಿಮ್ಮ ಮುಖ ನೋಡಿದೆ. ನೀವು ಆರಾಮಾಗಿದ್ರಿ. ಅದಕ್ಕೇ...”

ನಾನು ಅಳುತ್ತಿದ್ದೆ. ಅವರು ಪೆಟ್ಟಿಗೆಯಿಂದ ಕೈ ತೆಗೆದು ನಿಧಾನವಾಗಿ ಹೇಳಿದರು. “ನಾನು ನಿನ್ನ ಮುಖ ನೋಡ್ತಿದ್ದೆ ಕಣಮ್ಮ. ಒಗರು ಬಂದ್ರೆ ನಿನ್ನ ಮುಖದಲ್ಲೇ ಗೊತ್ತಾಗುತ್ತೆ ಅಂತ. ನೀನು ಲೋಟ ಕೆಳಗಿಳಿಸಿದ ತಕ್ಷಣ ನನ್ನ ಕಡೆ ನೋಡಿ ನಗ್ತಿದ್ದೆ.”

ಆಮೇಲೆ, “ನನ್ನ ನಾಲಿಗೆ ವಿಷಯ ಯಾರು ಹೇಳಿದ್ರು, ಆಂಟಿನಾ?” ಎಂದರು. ನಾನು ಹೌದೆಂದು ತಲೆಯಾಡಿಸಿದೆ.

“ಅವಳಿಗೆ ಗೊತ್ತಿದೆ ಅಂತ ನಂಗೊತ್ತು. ಒಂದಿನ ಸಾರು ಬಡಿಸಿ ಉಸಿರು ಹಿಡ್ಕೊಂಡು ಕೂತಿದ್ಲು. ನಾನು ‘ಉಪ್ಪು ಹದವಾಗಿದೆ’ ಅಂದಿದ್ದೇ ತಟ್ಟೆ ಎತ್ಕೊಂಡು ಒಳಗೆ ಹೋಗಿ, ನಲ್ಲಿ ಬಿಟ್ಕೊಂಡು ಅತ್ಲು. ಸಾರಿಗೆ ಉಪ್ಪೇ ಹಾಕಿಲ್ಲ ಅಂತ ಆಗ ಹೊಳೀತು. ನಂಗೆ ನಾಲಿಗೆ ಹೋಗಿರಬಹುದು, ಕಿವಿ ಇದೆ.” ಅವರು ಶರ್ಟಿನ ತೋಳು ಸರಿಮಾಡಿಕೊಂಡರು. “ನಂಗೆ ಗೊತ್ತು ಅಂತ ಹೇಳ್ಬಿಟ್ರೆ ಆ ಮಾತ್ರೆ ವಿಷಯ ಮಾತಾಡ್ಬೇಕಾಗುತ್ತೆ. ಜೀವನ ಪೂರ್ತಿ ಅವಳು ಕ್ಷಮಿಸಿ ಕ್ಷಮಿಸಿ ಅಂತ ಓಡಾಡೋದು ನಂಗೆ ಬೇಡ. ನೀನೂ ಬಾಯಿ ಬಿಡ್ಬೇಡ.”

ಪೆಟ್ಟಿಗೆಯನ್ನು ಕಾರಿನಲ್ಲೇ ಬಿಟ್ಟು, ಬರಿಗೈಯಲ್ಲಿ ಒಳಗೆ ಹೋದರು. ಹತ್ತು ನಿಮಿಷಕ್ಕೆ ಹೊರಗೆ ಬಂದರು. ದಾಡಿಯವನು ಬಾಗಿಲವರೆಗೆ ಬಂದು ಕೈ ಕುಲುಕಿದ. “ಇದ್ದದ್ದು ಇದ್ದ ಹಾಗೆ ಹೇಳಿದೆ. ರುಚಿ ವಾಪಸ್ ಬಂದ್ರೆ ಬಾ ಅಂದ. ಒಳ್ಳೆಯವನು,” ಎಂದು ಸೀಟ್ ಬೆಲ್ಟ್ ಹಾಕಿಕೊಂಡರು. ಮನೆಗೆ ಬಂದು ಆಂಟಿಗೆ ಹೇಳಿದ್ದು ಬೇರೆ: ದಾರಿ ದೂರ, ಶಿಫ್ಟು ಸರಿಹೋಗಲಿಲ್ಲ, ಬೇಡ ಅಂದುಬಿಟ್ಟೆ. ಆಂಟಿ “ಹೋಗ್ಲಿ ಬಿಡಿ, ಅದೇನ್ ದೊಡ್ಡ ಕೆಲಸ” ಎಂದರು. ಇಬ್ಬರೂ ನನ್ನ ಕಡೆ ನೋಡಲಿಲ್ಲ.

ನಾಲಿಗೆ ವಾಪಸ್ ಬರಲಿಲ್ಲ. ಅಂಕಲ್ ಬಿಯರ್ ಮಾಡುವುದನ್ನು ಬಿಡಲೂ ಇಲ್ಲ. ಹೊಸ ಹೈಡ್ರೋಮೀಟರ್ ತಂದರು, ಅದು ಹೇಳಿದ ಕಡೆ ನಿಲ್ಲಿಸಿದರು. ಬೀದಿಯವರಿಗೆಲ್ಲ ಹಂಚುತ್ತಿದ್ದರು. ಯಾರಾದರೂ ಕುಡಿಯುವಾಗ ಮಾತ್ರ ಬೆನ್ನು ತಿರುಗಿಸಿ ಬೇಲಿಯ ಕಡೆ ನೋಡುತ್ತಾ, “ಹೇಗಿದೆ, ನಿಜ ಹೇಳಿ” ಎನ್ನುತ್ತಿದ್ದರು. ಅವರು ಹಾಗೇಕೆ ನಿಲ್ಲುತ್ತಾರೆಂದು ಬೀದಿಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಮರುವರ್ಷ ನನಗೆ ಬ್ರಿಸ್ಬೇನಿನಲ್ಲಿ ಕೆಲಸ ಸಿಕ್ಕಿ ಅಲ್ಲಿನ ರನ್‌ಕಾರ್ನ್ ಬಡಾವಣೆಗೆ ಬಂದೆ. ಐದು ವರ್ಷ ಯುಗಾದಿಗೆ, ದೀಪಾವಳಿಗೆ ಫೋನು ಮಾಡುತ್ತಿದ್ದೆ. ಹೋದ ತಿಂಗಳು ಅಂಕಲ್ ಬಂಕಿನಿಂದ ಬಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಹೃದಯಾಘಾತ. ನಾನು ಹೋಗಿ ಮೂರು ದಿನವಿದ್ದು ಬಂದೆ. ಆಗ ಆಂಟಿ ಏನೂ ಕೇಳಲಿಲ್ಲ.

ಕೇಳಿದ್ದು ಮೊನ್ನೆ, ಫೋನಿನಲ್ಲಿ.

“ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡ. ನಾಲಿಗೆ ವಿಷಯ ನಂಗೆ ಗೊತ್ತಿದೆ ಅಂತ ಇವರಿಗೆ ಗೊತ್ತಿತ್ತಾ?”

ಫೋನಿನಲ್ಲಿ ಮುಖ ಕಾಣುವುದಿಲ್ಲ. ಯಾವ ಉತ್ತರ ಬೇಕಾಗಿದೆಯೋ ನನಗೆ ತಿಳಿಯಲಿಲ್ಲ. ಬಾಯಿ ಬಿಡ್ಬೇಡ ಎಂದು ಅಂಕಲ್ ಹೇಳಿದ್ದು ನೆನಪಿತ್ತು.

“ಗೊತ್ತಿತ್ತು ಆಂಟಿ,” ಎಂದೆ. “ಮೊದಲಿನಿಂದಲೂ ಗೊತ್ತಿತ್ತು.”

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿತು.

“ಹಾಗಾದ್ರೆ ದಿನಾ ತಟ್ಟೆ ಮುಂದೆ ಕೂತು, ಮೊದಲನೇ ತುತ್ತಿಗೇ, ‘ಇವತ್ತು ಎಂಥಾ ರುಚಿ ಮಾಡಿದ್ದೀಯೇ’ ಅಂತಿದ್ರಲ್ಲ. ನನ್ನಿಂದ ಮುಚ್ಚಿಡೋಕೆ ಪಾಪ ನಾಟಕ ಆಡ್ತಿದ್ದಾರೆ ಅಂತ ಆರು ವರ್ಷ ಸುಮ್ನಿದ್ದೆ. ಮುಚ್ಚಿಡೋದು ಏನೂ ಇರಲಿಲ್ಲ ಅಂದ್ಮೇಲೆ, ಅದೆಲ್ಲ ನಂಗೋಸ್ಕರಾನೇ...”

ಆಂಟಿ ಮಾತು ಮುಗಿಸಲಿಲ್ಲ. ಇಬ್ಬರೂ ಫೋನು ಇಡಲಿಲ್ಲ.